ಜೋಡಿ ಬರುವುದು

ನಮ್ಮ ಬೇವೂರಿನ ರಸ್ತೆಯ ಮೇಲೆ ಹೆಂಗಸೊಬ್ಬಳು ಓಡಿದರೆ ಅದಕ್ಕೆ ಮೂರೇ ಕಾರಣ. ಬಸ್ಸು ತಪ್ಪುತ್ತಿರಬೇಕು, ಇಲ್ಲವೆ ಕೂಸು ಎಲ್ಲೋ ಬಿದ್ದಿರಬೇಕು, ಇಲ್ಲವೆ ಯಾರದೋ ಮನೆಯಿಂದ ಕೆಟ್ಟ ಸುದ್ದಿ ಬಂದಿರಬೇಕು. ಹೀಗಾಗಿ ಒಂದು ಜನವರಿಯ ನಸುಕಿನಲ್ಲಿ ನಾನೂ ನನ್ನ ಗೆಳತಿಯೂ ಊರಾಚೆಯ ರಸ್ತೆಯಲ್ಲಿ ಏದುಸಿರು ಬಿಡುತ್ತ ಓಡುತ್ತಿದ್ದಾಗ, ಹೊಲಕ್ಕೆ ಹೊರಟಿದ್ದ ಹಿರಿಯರೊಬ್ಬರು ಗಾಡಿಯ ಎತ್ತುಗಳನ್ನು ನಿಲ್ಲಿಸಿ, "ಯಾಕ್ರೆವ್ವಾ, ಯಾರಿಗೆ ಅರಾಮಿಲ್ಲ?" ಎಂದು ಗಾಬರಿಯಿಂದ ಕೇಳಿದರು. ಐವತ್ತು ದಾಟಿದ ಇಬ್ಬರು ಹೆಂಗಸರು ಚೂಡಿದಾರದ ಮೇಲೆ ಬೂಟು ಹಾಕಿಕೊಂಡು, ಚಳಿಯಲ್ಲಿ, ಜೋಳದ ಹೊಲಗಳ ನಡುವೆ ಸುಮ್ಮನೆ ಓಡುತ್ತಾರೆಂದು ಅವರಾದರೂ ಹೇಗೆ ತಿಳಿದಾರು? ನಾನು ಉತ್ತರಕ್ಕಾಗಿ ತಡವರಿಸುತ್ತಿರುವಾಗ ಗೆಳತಿ ತಟ್ಟನೆ, "ನನಗ ಸಕ್ಕರಿ ಐತಂತ್ರಿ ಅಜ್ಜಾರ, ಡಾಕ್ಟರ ಓಡು ಅಂದಾರ" ಎಂದುಬಿಟ್ಟಳು. ಅಜ್ಜ ಸಮಾಧಾನಗೊಂಡು ಗಾಡಿ ಹೊಡೆದರು.

ಅವಳಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ಆದರೆ ಕಾಯಿಲೆ ಎಂದರೆ ಎಲ್ಲರೂ ಒಪ್ಪುತ್ತಾರೆ. "ನನಗೆ ಓಡಬೇಕು ಅನ್ನಿಸಿತು" ಎಂದರೆ ಯಾರು ಒಪ್ಪಿಯಾರು?

ಅವಳಿಗೆ ಹಾಗೆ ಅನ್ನಿಸಿದ್ದಕ್ಕೆ ಕಾರಣ ಅವಳ ಮಗಳು. ಮಗಳಿಗೆ ಬೆಂಗಳೂರಿನಲ್ಲಿ ನೌಕರಿ. 2008ರಿಂದ ಬೆಂಗಳೂರಿನಲ್ಲಿ ಬೇಸಿಗೆಯ ಹೊತ್ತಿಗೆ ಹತ್ತು ಕಿಲೋಮೀಟರಿನ ದೊಡ್ಡ ಓಟವೊಂದು ನಡೆಯುತ್ತದಲ್ಲ, ವಿಶ್ವ 10ಕೆ ಎಂದು, ಅದಕ್ಕೆ ಅವಳು ಅವ್ವನ ಹೆಸರು ಕೊಟ್ಟಿದ್ದಳು. ಅಲ್ಲಿ ಇಥಿಯೋಪಿಯಾ, ಕೀನ್ಯಾಗಳಿಂದ ಬಂದ ಓಟಗಾರರು ಹಣಕ್ಕೂ ಪದಕಕ್ಕೂ ಓಡುತ್ತಾರೆ. ಅದೇ ಬೆಳಿಗ್ಗೆ ಸಾವಿರಾರು ಜನ ಸಾಮಾನ್ಯರು ತಮ್ಮ ಸಂತೋಷಕ್ಕೆ ಓಡುತ್ತಾರೆ. ಇನ್ನೂ ಕಡಿಮೆ ದೂರದ್ದಕ್ಕೆ ಅವರು ಇಟ್ಟ ಹೆಸರೇ ನಮ್ಮ 'ಮಜಾ'. ಗೆಳತಿ ಆ ರಾತ್ರಿ ಬಾಗಲಕೋಟೆಯ ನವನಗರದಲ್ಲಿದ್ದ ನನಗೆ ಫೋನು ಮಾಡಿ, "ಹುಡಿಗಿ ರೊಕ್ಕಾ ಕಟ್ಟಿಬಿಟ್ಟಾಳ. ಒಬ್ಬಾಕಿನ ಹೆಂಗ ಓಡ್ಲಿ? ನೀ ನನ್ನ ಜೋಡಿ ಬಾ" ಅಂದಳು.

ನಮ್ಮ ಕಡೆ 'ಜೋಡಿ ಬಾ' ಎಂದರೆ 'ನನ್ನೊಂದಿಗೆ ಬಾ' ಎಂದರ್ಥ. ಬಾವಿಗೆ, ಸಂತೆಗೆ, ದವಾಖಾನೆಗೆ, ಬನಶಂಕರಿ ಜಾತ್ರೆಗೆ, ಎಲ್ಲದಕ್ಕೂ ನಮಗೆ ಜೋಡಿ ಬೇಕು. ಜೋಡಿ ಹೋಗದೆ ಬೆಳೆದ ಹೆಣ್ಣುಮಗಳು ನಮ್ಮ ಊರಲ್ಲಿ ಇರಲಿಕ್ಕಿಲ್ಲ. ಆದ್ದರಿಂದ ಇದು ನನಗೆ ಗೊತ್ತಿದ್ದ ಕೆಲಸವೇ ಎಂದು ಭಾವಿಸಿ ಹೂಂ ಅಂದೆ. ಅಲ್ಲದೆ ನಾನು ಶಾಲೆಯಲ್ಲಿ 400 ಮೀಟರ್ ಓಡಿದವಳು. ನವನಗರದ ಸೆಕ್ಟರುಗಳ ಅಗಲ ರಸ್ತೆಗಳಲ್ಲಿ ದಿನಾ ಬೆಳಿಗ್ಗೆ ಬಿರುಸಾಗಿ ನಡೆಯುವವಳು. ಅವಳು ಶಾಲೆಯ ಕಪ್ಪು ಹಲಗೆಯ ಮುಂದೆ ಮೂವತ್ತು ವರ್ಷ ನಿಂತವಳು. ಕಲಿಸುವವಳು ನಾನು, ಕಲಿಯುವವಳು ಅವಳು ಎಂದು ಮನಸ್ಸಿನಲ್ಲಿಯೇ ತೀರ್ಮಾನಿಸಿಬಿಟ್ಟಿದ್ದೆ.

ಹೊಸ ಕೆಲಸ ಯಾವುದೇ ಇರಲಿ, ಮೊದಲು ಪುಸ್ತಕ ಹುಡುಕುವುದು ನನ್ನ ಹಳೆಯ ಚಟ. ಹಾಗೆ ಕೈಗೆ ಬಂದದ್ದು ಅಮೆರಿಕದ ಕ್ಯಾಥ್ರಿನ್ ಸ್ವಿಟ್ಸರ್ 2007ರಲ್ಲಿ ಪ್ರಕಟಿಸಿದ ಆತ್ಮಕಥೆ 'ಮ್ಯಾರಥಾನ್ ವುಮನ್'. ಆಕೆಯ ಹೆಸರು ತಿಳಿಯದವರೂ ಆಕೆಯ ಫೋಟೋವನ್ನು ಎಲ್ಲಾದರೂ ನೋಡಿರಬಹುದು. 1967ರ ಏಪ್ರಿಲ್ 19ರಂದು ಬಾಸ್ಟನ್ ಮ್ಯಾರಥಾನಿನಲ್ಲಿ 261 ಎಂಬ ಸಂಖ್ಯೆಯನ್ನು ಎದೆಗೆ ಕಟ್ಟಿಕೊಂಡು ಓಡುತ್ತಿರುವ ಇಪ್ಪತ್ತರ ಹುಡುಗಿ. ಹೆಣ್ಣುಮಕ್ಕಳು ಅಲ್ಲಿ ಓಡುವಂತಿಲ್ಲವೆಂದು ಸಿಟ್ಟಿಗೆದ್ದ ಅಧಿಕಾರಿ ಜಾಕ್ ಸೆಂಪಲ್ ಹಿಂದಿನಿಂದ ಬಂದು ಆಕೆಯ ಸಂಖ್ಯೆಯನ್ನು ಕಿತ್ತುಕೊಳ್ಳಲು ನೋಡುತ್ತಾನೆ. ಆಕೆಯ ಗೆಳೆಯ ಟಾಮ್ ಮಿಲ್ಲರ್ ಭುಜದಿಂದ ಅವನನ್ನು ಗುದ್ದಿ ರಸ್ತೆಯ ಬದಿಗೆ ತಳ್ಳುತ್ತಾನೆ. ಆಕೆ ಓಟ ಮುಂದುವರಿಸಿ ಸುಮಾರು 4 ಗಂಟೆ 20 ನಿಮಿಷದಲ್ಲಿ ಗುರಿ ಮುಟ್ಟುತ್ತಾಳೆ. ಬಾಸ್ಟನ್ನಿನಲ್ಲಿ ಹೆಂಗಸರಿಗೆ ಅಧಿಕೃತವಾಗಿ ಪ್ರವೇಶ ದೊರೆತದ್ದು ಐದು ವರ್ಷಗಳ ಮೇಲೆ, 1972ರಲ್ಲಿ.

ಈ ಫೋಟೋ ಹೆಣ್ಣುಮಕ್ಕಳ ಓಟದ ಗುರುತಾಗಿಬಿಟ್ಟಿದೆ. ನನ್ನ ತಕರಾರು ಇರುವುದು ಆಕೆಯೊಂದಿಗಲ್ಲ, ಈ ಫೋಟೋ ನಮಗೆ ಕಲಿಸಿದ ಓದಿನೊಂದಿಗೆ. ಅದರಲ್ಲಿ ನಮ್ಮ ಕಣ್ಣು ಹೋಗುವುದು ಮೂವರ ಮೇಲೆ: ತಡೆಯುವ ಗಂಡಸು, ಕಾಯುವ ಗಂಡಸು, ನಡುವೆ ಒಬ್ಬ ಹೆಣ್ಣು. ನಮ್ಮ ಸಿನಿಮಾಗಳನ್ನು ನೋಡಿ ಬೆಳೆದವರಿಗೆ ಇದು ಎಷ್ಟು ಪರಿಚಿತವಾದ ಚಿತ್ರ! ಖಳನಾಯಕ, ನಾಯಕ, ನಾಯಕಿ. ಒಂದು ಹೊಡೆದಾಟ ಮುಗಿದರೆ ಕಥೆ ಮುಗಿಯಿತು. ಆದರೆ ಮ್ಯಾರಥಾನ್ ಎಂದರೆ 42 ಕಿಲೋಮೀಟರಿಗೂ ಮಿಕ್ಕ ದೂರ. ಹೊಡೆದಾಟ ನಡೆದದ್ದು ಆರಂಭದ ಕೆಲವೇ ಮೈಲಿಗಳೊಳಗೆ. ಉಳಿದ ಅಷ್ಟೊಂದು ದಾರಿಯಲ್ಲಿ ಆಕೆಯ ಬಗಲಿಗೆ ಯಾರಿದ್ದರು?

ಉತ್ತರ ಪುಸ್ತಕದಲ್ಲಿದೆ. ಟಾಮ್ ಇರಲಿಲ್ಲ. ಹೊಡೆದಾಟದ ಸ್ವಲ್ಪ ಹೊತ್ತಿನಲ್ಲೇ, ಈ ಗದ್ದಲದಿಂದ ತನ್ನ ಕ್ರೀಡಾಜೀವನಕ್ಕೆ ಧಕ್ಕೆಯಾಗುತ್ತದೆಂದು ಆಕೆಯ ಮೇಲೆಯೇ ರೇಗಿ ಅವನು ಮುಂದೆ ಓಡಿಹೋದ. ಆಮೇಲೆ ದಣಿದು ಹಿಂದೆ ಬಿದ್ದ. ಕೊನೆಯವರೆಗೆ ಜೊತೆಗಿದ್ದವರಲ್ಲಿ ಮುಖ್ಯನಾದವನು ಆರ್ನಿ ಬ್ರಿಗ್ಸ್, ಸಿರಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಟಪಾಲು ಹಂಚುತ್ತಿದ್ದ ಐವತ್ತರ ಆಸುಪಾಸಿನ ಮನುಷ್ಯ. ಅನೇಕ ಸಲ ಬಾಸ್ಟನ್ ಓಡಿದವನು. ಹೆಣ್ಣು ಇಷ್ಟು ದೂರ ಓಡಲಾರಳು ಎಂದು ಮೊದಲು ಹೇಳಿದವನೂ ಅವನೇ. ಅಭ್ಯಾಸದಲ್ಲಿ ಓಡಿ ತೋರಿಸಿದರೆ ತಾನೇ ಕರೆದೊಯ್ಯುತ್ತೇನೆ ಎಂದ. ಚಳಿಗಾಲದ ಸಂಜೆಗಳಲ್ಲಿ ಆಕೆಯ ಜೊತೆ ಓಡಿದ. ಕೊನೆಗೊಂದು ದಿನ ಇಬ್ಬರೂ 26 ಮೈಲಿ ಓಡಿದ ಮೇಲೆ ಆಕೆ ಇನ್ನೂ ಐದು ಮೈಲಿ ಹೋಗೋಣ ಎಂದಳಂತೆ. ಆ 31 ಮೈಲಿ ಮುಗಿದಾಗ ಪ್ರಜ್ಞೆ ತಪ್ಪಿದವನು ಆರ್ನಿ! ಮರುದಿನ ಅವನೇ ಆಕೆಯಿದ್ದಲ್ಲಿಗೆ ಬಂದು, ಹೆಸರು ಕೊಡಲೇಬೇಕು, ಕದ್ದು ಓಡಬಾರದು ಎಂದು ಪಟ್ಟು ಹಿಡಿದ.

ಸ್ವಿಟ್ಸರ್ ಈ ಋಣವನ್ನು ಮುಚ್ಚಿಟ್ಟಿಲ್ಲ. ಆದರೂ ಲೋಕಕ್ಕೆ ನೆನಪಿರುವುದು ಗುದ್ದಿದ ಟಾಮ್, ಜೊತೆಗೆ ಓಡಿದ ಆರ್ನಿ ಅಲ್ಲ. ಗುದ್ದುವುದು ಫೋಟೋದಲ್ಲಿ ಮೂಡುತ್ತದೆ. ನಾಲ್ಕು ಗಂಟೆ ಒಬ್ಬರ ಹೆಜ್ಜೆಗೆ ಹೆಜ್ಜೆ ಕೂಡಿಸುವುದು ಯಾವ ಫೋಟೋದಲ್ಲಿ ಮೂಡೀತು? ನಮ್ಮ ಮನೆಗಳಲ್ಲಿಯೂ ಹೀಗೆಯೇ ಅಲ್ಲವೆ, ಗೆಳತಿಯರೆ? ಒಂದು ದಿನ ಜಗಳಕ್ಕೆ ನಿಂತು ನಮ್ಮ ಪರವಾಗಿ ಕೂಗಾಡಿದವರನ್ನು ಜೀವಮಾನವಿಡೀ ನೆನೆಯುತ್ತೇವೆ. ಬಾಣಂತನದ ಮೂರು ತಿಂಗಳು ರಾತ್ರಿ ಎದ್ದು ಕೂತವರ ಮುಖ ಮರೆತುಹೋಗುತ್ತದೆ.

ಇನ್ನೂ ಒಂದು ಮಾತು ಆ ಫೋಟೋ ಹೇಳುವುದಿಲ್ಲ. ಅದೇ 1967ರಲ್ಲಿ ಬಾಬಿ ಗಿಬ್ ಎಂಬಾಕೆ ಸಂಖ್ಯೆಯಿಲ್ಲದೆ ಓಡಿ, ಸ್ವಿಟ್ಸರಳಿಗಿಂತ ಸುಮಾರು ಒಂದು ಗಂಟೆ ಮೊದಲೇ ಗುರಿ ಮುಟ್ಟಿದ್ದಳು. ಹಿಂದಿನ ವರ್ಷ, 1966ರಲ್ಲಿ, ಆರಂಭದ ಜಾಗದ ಬಳಿ ಪೊದೆಯಲ್ಲಿ ಅಡಗಿದ್ದು ಓಟಗಾರರ ನಡುವೆ ಸೇರಿ ಓಡಿ ಮುಗಿಸಿದವಳೂ ಅವಳೇ. ಜೊತೆಗೆಂದು ಯಾರನ್ನೂ ಕರೆತಂದಿರಲಿಲ್ಲ. ನಮ್ಮ ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲಕ್ಕೆ ಒಬ್ಬಳೇ ನಡೆದದ್ದನ್ನು ನೆನೆಯದೆ ನನಗೆ ಗಿಬ್‌ಳ ಕಥೆ ಓದಲಾಗಲಿಲ್ಲ. ಇಂಥವರು ನೂರಾರು ವರ್ಷಗಳಿಗೊಬ್ಬರು. ನಾವು ಕೈಮುಗಿಯುತ್ತೇವೆ, ಆದರೆ ಅವರ ಹಿಂದೆ ಹೊರಡುವ ಧೈರ್ಯವಾಗುವುದಿಲ್ಲ. ಆರ್ನಿಯಂಥವರು ಒಬ್ಬರು ಸಿಕ್ಕರೆ ಮಾತ್ರ ನಮ್ಮ ನಿಮ್ಮಂಥವರ ಕಾಲು ಹೊಸ್ತಿಲು ದಾಟುತ್ತವೆ. ಆದ್ದರಿಂದ ಮೊದಲಿಗಳು ಯಾರು ಎಂಬ ಲೆಕ್ಕಕ್ಕಿಂತ, ಜೊತೆಯವರು ಯಾರು ಎಂಬ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತದೆ.

ಓಟದ ಮಂದಿ ಈ ಜೊತೆಯವರಿಗೆ 'ಪೇಸರ್' ಎನ್ನುತ್ತಾರೆ, ವೇಗವನ್ನು ಕಾಯ್ದುಕೊಡುವವರು ಎಂದು. ದೊಡ್ಡ ದೊಡ್ಡ ದಾಖಲೆಗಳ ಬೆನ್ನಿಗೂ ಇವರಿದ್ದಾರೆ. 2019ರ ಅಕ್ಟೋಬರ್ 12ರಂದು ವಿಯೆನ್ನಾದಲ್ಲಿ ಕೀನ್ಯಾದ ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ 41 ಜನ ಪೇಸರುಗಳು ಸರದಿಯ ಮೇಲೆ ಬಂದು, ಗಾಳಿಗೆ ಗೋಡೆಯಾಗಿ ಓಡಿದ್ದರು. ಹಾಗೆ ನಡುವೆ ಹೊಸಬರು ಬಂದು ಸೇರುವುದು ನಿಯಮಕ್ಕೆ ಹೊಂದದ್ದರಿಂದ ಅದನ್ನು ವಿಶ್ವದಾಖಲೆಯೆಂದು ಒಪ್ಪಲಿಲ್ಲ. ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ವಿಚಿತ್ರ. ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ನಿನಲ್ಲಿ 2 ಗಂಟೆ 15 ನಿಮಿಷ 25 ಸೆಕೆಂಡಿನ ದಾಖಲೆ ಮಾಡಿದಾಗ ಆಕೆಯೊಡನೆ ಗಂಡಸರು ಪೇಸರುಗಳಾಗಿ ಓಡಿದ್ದರು. ಹೆಂಗಸರೇ ಓಡುವ ಸ್ಪರ್ಧೆಯ ದಾಖಲೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕೆಂದು 2011ರಲ್ಲಿ ಜಾಗತಿಕ ಅಥ್ಲೆಟಿಕ್ಸ್ ಸಂಸ್ಥೆ ಹೊರಟಿತು. ಆಕ್ಷೇಪಗಳು ಬಂದ ಮೇಲೆ ಎರಡು ಬಗೆಯ ದಾಖಲೆಗಳನ್ನೂ ಬೇರೆ ಬೇರೆಯಾಗಿ ಉಳಿಸಿಕೊಂಡಿತು. ಬಗಲಿಗೆ ಯಾರು ಓಡುತ್ತಾರೆ ಎಂಬುದು ಎರಡು ಪಟ್ಟಿ ಮಾಡಬೇಕಾಗುವಷ್ಟು ದೊಡ್ಡ ಸಂಗತಿ ಎಂದಾಯಿತು.

ಆದರೆ ಇವೆಲ್ಲ ವೇಗಿಗಳನ್ನು ಇನ್ನಷ್ಟು ವೇಗಿಗಳನ್ನಾಗಿ ಮಾಡುವ ಜೊತೆ. ನನ್ನ ಗೆಳತಿ ಕೇಳಿದ್ದು ಬೇರೆ. ನಿಧಾನಿಯೊಬ್ಬಳು ತನ್ನ ನಿಧಾನದಲ್ಲಿಯೇ ಕೊನೆ ಮುಟ್ಟುವಂತೆ ನೋಡಿಕೊಳ್ಳುವ ಜೊತೆ. ಎರಡಕ್ಕೂ ಹೆಸರು ಒಂದೇ ಆದದ್ದರಿಂದ ನಾನು ಮೋಸಹೋದೆ.

ನಮ್ಮ ಲೆಕ್ಕ ಸರಳವಾಗಿತ್ತು. 10 ಕಿಲೋಮೀಟರಿಗೆ 90 ನಿಮಿಷ, ಅಂದರೆ ಕಿಲೋಮೀಟರಿಗೆ 9 ನಿಮಿಷ. ನಾಲ್ಕು ನಿಮಿಷ ಓಡುವುದು, ಒಂದು ನಿಮಿಷ ನಡೆಯುವುದು. ಹೊಸಬರಿಗೆ ಇದು ಒಳ್ಳೆಯ ಪದ್ಧತಿ. ದಣಿವಾದ ಮೇಲೆ ನಡೆಯುವುದಲ್ಲ, ದಣಿಯುವ ಮೊದಲೇ ನಡೆಯುವುದು. ವೇಗ ಸರಿಯಿದೆಯೆ ಎಂದು ನೋಡಲು ಗಡಿಯಾರಕ್ಕಿಂತ ಒಳ್ಳೆಯ ಸಾಧನ ಮಾತು. ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಲು ಬಂದರೆ ಸರಿ. ವಾಕ್ಯ ನಡುವೆ ಮುರಿದರೆ ವೇಗ ಹೆಚ್ಚಾಯಿತು. ಬೇವೂರಿನ ರಸ್ತೆಯಲ್ಲಿ ಕಿಲೋಮೀಟರಿನ ಕಲ್ಲುಗಳನ್ನು ಎಣಿಸುತ್ತ, ಸೊಸೆಯರ, ಬದಲಿ ಮಾಸ್ತರರ, ತೊಗರಿಬೇಳೆಯ ದರದ ಮಾತನಾಡುತ್ತ ಮೂರು ತಿಂಗಳು ಓಡಿದೆವು. ಅವಳ ಮಾತು ಎಂದೂ ಮುರಿಯಲಿಲ್ಲ.

ಬೆಂಗಳೂರಿನಲ್ಲಿ ಮುರಿಯಿತು. ನಸುಕಿನ ಬೆಳಕು, ಸಾವಿರಾರು ಜನ, ಹಾಡು, ಡೋಲು. ಓಟ ಬಿಟ್ಟೊಡನೆ ನಮ್ಮ ಹಿಂದಿದ್ದವರೆಲ್ಲ ನಮ್ಮನ್ನು ದಾಟಿ ಹೋಗತೊಡಗಿದರು. ನನ್ನೊಳಗಿನ 400 ಮೀಟರಿನ ಹುಡುಗಿ ಎದ್ದು ಕುಳಿತಳು. ಮೊದಲ ಕಿಲೋಮೀಟರ್ ಮುಗಿದಾಗ ಗಡಿಯಾರ ನೋಡಿದೆ, 7 ನಿಮಿಷ 40 ಸೆಕೆಂಡು. ಒಳ್ಳೆಯದೇ ಆಯಿತು, ಕೊನೆಗೆ ಉಳಿತಾಯವಾಗುತ್ತದೆ ಎಂದುಕೊಂಡೆ. ಓಟದಲ್ಲಿ ಅಂಥ ಉಳಿತಾಯವಿಲ್ಲ. ಆರಂಭದಲ್ಲಿ ಅತಿಯಾಗಿ ಖರ್ಚು ಮಾಡಿದ ಶಕ್ತಿಯನ್ನು ಮೈ ಕೊನೆಯಲ್ಲಿ ಬಡ್ಡಿ ಸಮೇತ ವಸೂಲು ಮಾಡುತ್ತದೆ. ಇದು ನನಗೆ ಗೊತ್ತಿತ್ತು. ನಾನೇ ಅವಳಿಗೆ ಹೇಳಿಕೊಟ್ಟಿದ್ದೆ. ನಡೆಯಬೇಕಾದ ಮೊದಲ ಒಂದು ನಿಮಿಷವನ್ನೂ, "ಇನ್ನೊಂಚೂರು, ಇನ್ನೊಂಚೂರು" ಎಂದು ನಾನೇ ತಪ್ಪಿಸಿದೆ. ಬೆಂಗಳೂರಿನ ರಸ್ತೆಗಳು ನಮ್ಮ ಎರೆಭೂಮಿಯ ರಸ್ತೆಗಳಂತೆ ಸಪಾಟಲ್ಲ. ಏರು ಬಂದಾಗಲೆಲ್ಲ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿ, ಹಿಂದಿರುಗಿ ನೋಡಿ, ಕರುವನ್ನು ಕರೆಯುವಂತೆ "ಬಾ, ಬಾ" ಎಂದು ಕೈಬೀಸುತ್ತಿದ್ದೆ.

ಆರನೆಯ ಕಿಲೋಮೀಟರಿನಲ್ಲಿ ಅವಳು ಪಕ್ಕೆ ಹಿಡಿದುಕೊಂಡು ನಿಂತಳು. ಮುಖ ಕೆಂಪಡರಿತ್ತು. ನಾನು ಮತ್ತೆ ಮುಂದಿನಿಂದಲೇ, "ಬಾ, ಇನ್ನ ನಾಕs ಉಳಿದಾವು" ಅಂದೆ. ಅವಳು ಉಸಿರು ಕೂಡಿಸಿಕೊಂಡು, ಮೂರು ತುಂಡಾಗಿ ಹೇಳಿದಳು: "ಮುಂದ ನಿಂತು... ಕರೀಬ್ಯಾಡ ಬೇ... ಬಗಲಾಗ ಬಾ."

ನಾನು ಹಿಂದಕ್ಕೆ ಹೋಗಿ ಅವಳ ಬಗಲಿಗೆ ನಿಂತೆ. ಐದು ನಿಮಿಷ ಬರೀ ನಡೆದೆವು. ಆಮೇಲೆ ಅವಳು ಯಾವಾಗ ಓಡಿದಳೋ ಆಗ ಓಡಿದೆ, ಯಾವಾಗ ನಡೆದಳೋ ಆಗ ನಡೆದೆ. ಗಡಿಯಾರವನ್ನು ಬಿಚ್ಚಿ ಕಿಸೆಯಲ್ಲಿ ಹಾಕಿದೆ. 1 ಗಂಟೆ 41 ನಿಮಿಷಕ್ಕೆ ಮುಗಿಸಿದೆವು. ಮಗಳು ಬಂದು ಅವ್ವನನ್ನು ತಬ್ಬಿಕೊಂಡಳು. ಅವ್ವ ಅತ್ತಳು. ನಾನು ನಾಚಿಕೆಯಿಂದ ನೀರಿನ ಬಾಟಲಿ ಹುಡುಕುವ ನೆಪ ಮಾಡಿಕೊಂಡು ದೂರ ಸರಿದೆ. ಅಂದುಕೊಂಡ ಹೊತ್ತಿಗಿಂತ ತಡವಾದ ಹನ್ನೊಂದು ನಿಮಿಷಕ್ಕಲ್ಲ ನನಗೆ ನಾಚಿಕೆಯಾದದ್ದು. ಐದು ಕಿಲೋಮೀಟರಿಗೂ ಮಿಕ್ಕಿ ನಾನು ಅವಳ ಹೆಸರಿನಲ್ಲಿ ನನ್ನ ಓಟ ಓಡಿದ್ದೆ. ಆರ್ನಿಯನ್ನು ಹೊಗಳಿ, ಟಾಮನನ್ನು ತೆಗಳಿ ಓದಿದ್ದ ನಾನು, ರಸ್ತೆಗೆ ಇಳಿದಾಗ ಟಾಮನಂತೆ ಮುಂದೆ ಓಡಿದ್ದೆ.

ಯಾಕೆ ಹೀಗಾಯಿತು ಎಂದು ಊರಿಗೆ ಮರಳುವ ರೈಲಿನಲ್ಲಿ ಯೋಚಿಸಿದೆ. ಜೋಡಿ ಹೋಗುವುದು ನಮಗೆ ಹುಟ್ಟಿನಿಂದಲೇ ಬರುವ ವಿದ್ಯೆ ಎಂದು ನಾವು ಹೆಂಗಸರು ನಂಬಿದ್ದೇವೆ. ನಿಜವಾಗಿ ನಮಗೆ ಬರುವುದು ಎರಡೇ ನಡಿಗೆ. ಒಂದು, ಗಂಡನ ಹಿಂದೆ ನಾಲ್ಕು ಹೆಜ್ಜೆ. ಇನ್ನೊಂದು, ಮಕ್ಕಳ ಮುಂದೆ ನಾಲ್ಕು ಹೆಜ್ಜೆ, ಕೈ ಹಿಡಿದು ಎಳೆಯುತ್ತ. ಹಿಂದೆ ನಡೆದರೆ ವಿಧೇಯತೆ, ಮುಂದೆ ನಡೆದರೆ ಅಧಿಕಾರ. ಬಗಲಿಗೆ ನಡೆಯುವ ಅಭ್ಯಾಸವನ್ನು ನಮಗೆ ಯಾರೂ ಮಾಡಿಸಲಿಲ್ಲ, ನಾವೂ ಮಾಡಿಕೊಳ್ಳಲಿಲ್ಲ. ಸರೀಕಳೊಬ್ಬಳ ಜೊತೆ ಹೊರಟಾಗ ಅವಳನ್ನು ಹಿಂಬಾಲಿಸುವವಳನ್ನಾಗಿ ಮಾಡುತ್ತೇವೆ, ಇಲ್ಲವೆ ನಾವೇ ಹಿಂಬಾಲಿಸುತ್ತೇವೆ. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ದಂಪತಿಗಳಿಗೆ ಹೇಳಿ ನಗುತ್ತೇವೆ. ಗೆಳತಿಯರಿಗೂ ಅದು ಸಲ್ಲುತ್ತದೆಂದು ನನಗೆ ಬೆಂಗಳೂರಿನ ಏರಿನಲ್ಲಿ ತಿಳಿಯಿತು.

ಇದನ್ನು ಕಲಿಯಲು ನಾನು ಬಾಸ್ಟನ್ನಿನವರೆಗೆ ಹೋಗಬೇಕಾಗಿರಲಿಲ್ಲ. ಯುಗಾದಿಗೆ ಮುಂಚೆ ನಮ್ಮ ಕಡೆಯ ಜನ ಕಂಬಿ ಹೊತ್ತು ಶ್ರೀಶೈಲಕ್ಕೆ ನಡೆಯುತ್ತಾರೆ. ಮಲ್ಲಯ್ಯ ಅಳಿಯ, ಭ್ರಮರಾಂಬೆ ನಮ್ಮ ಮಗಳು; ಮಗಳಿಗೆ ತವರಿನ ಸೀರೆ, ಕುಂಕುಮ ಒಯ್ಯುವ ಯಾತ್ರೆ ಅದು. ಚಿಕ್ಕಂದಿನಲ್ಲಿ ಹುನಗುಂದ, ಇಳಕಲ್ಲ ಕಡೆಯ ದಾರಿಯಲ್ಲಿ ಅವರನ್ನು ನೋಡುತ್ತಿದ್ದೆ. ಇಳಕಲ್ ಸೀರೆಯ ನೆರಿಗೆ ಮೇಲೆತ್ತಿ ಸಿಕ್ಕಿಸಿಕೊಂಡ ಅಜ್ಜಿಯರು, ಕಾಲಿಗೆ ಬೊಬ್ಬೆ ಬಂದ ಹುಡುಗರು. ಗುಂಪು ಮುಂದೆ ಹೋಗುತ್ತಿತ್ತು. ಆದರೆ ಕುಂಟುತ್ತ ಹಿಂದುಳಿದವರ ಬಗಲಿಗೆ ಯಾರಾದರೊಬ್ಬರು ತಾವಾಗಿಯೇ ಹಿಂದೆ ಬಿದ್ದಿರುತ್ತಿದ್ದರು. ಕರೆಯುತ್ತಿರಲಿಲ್ಲ, ಅವಸರಿಸುತ್ತಿರಲಿಲ್ಲ. ಏನೋ ಮಾತನಾಡುತ್ತ ಬರುತ್ತಿದ್ದರು, ಅಷ್ಟೆ. ಅವರಿಗೆ ತಾವು ಪೇಸರುಗಳೆಂದು ಗೊತ್ತಿರಲಿಲ್ಲ. ಗುಂಪಿನೊಡನೆ ಮೊದಲೇ ಮುಟ್ಟುವ ಅವಕಾಶವನ್ನು ಬಿಟ್ಟುಕೊಟ್ಟಿದ್ದರು, ಅದನ್ನು ತ್ಯಾಗವೆಂದು ಹೇಳಿಕೊಳ್ಳುತ್ತಿರಲಿಲ್ಲ.

ಹಾಗಿದ್ದರೆ ನಡಿಗೆಯ ಯಾತ್ರೆಯೇ ಸಾಕು, ಓಟ ಯಾತಕ್ಕೆ ಎಂದು ನೀವು ಕೇಳಬಹುದು. ನನಗೆ ಓಟವೂ ಬೇಕು ಅನ್ನಿಸುತ್ತದೆ. ಯಾತ್ರೆಗೆ ದೇವರ ಕಾರಣವಿದೆ. ನಮ್ಮ ಊರುಗಳಲ್ಲಿ ಕಾರಹುಣ್ಣಿಮೆಗೆ ಎತ್ತುಗಳು ಓಡಿ ಕರಿ ಹರಿಯುತ್ತವೆ. ಅದಕ್ಕೆ ಬೆಳೆಯ ಕಾರಣವಿದೆ, ಬಿಳಿ ಎತ್ತು ಗೆದ್ದರೆ ಬಿಳಿಜೋಳ ಎಂದು. ಆ ದಿನ ಗಂಡಸರು ಎತ್ತುಗಳ ಹಿಂದೆ ಓಣಿಯ ತುಂಬ ಓಡುತ್ತಾರೆ, ನಾವು ಮಾಳಿಗೆಯ ಮೇಲೆ ನಿಂತು ನೋಡುತ್ತೇವೆ. ಈಗ ಪಟ್ಟಣಗಳಲ್ಲಿ ಮಹಿಳಾ ದಿನಾಚರಣೆಯ ಹೊತ್ತಿಗೆ ಹೆಂಗಸರ ಓಟಗಳು ನಡೆಯುವುದು ಸಂತೋಷವೇ. ಆದರೆ ಅಲ್ಲಿಯೂ ಎದೆಯ ಮೇಲೊಂದು ಘೋಷಣೆ ಬೇಕು, ಆರೋಗ್ಯಕ್ಕಾಗಿ, ಜಾಗೃತಿಗಾಗಿ, ಹೆಣ್ಣುಮಗುವಿಗಾಗಿ. ಎಲ್ಲವೂ ಒಳ್ಳೆಯ ಘೋಷಣೆಗಳೇ. ಆದರೆ ಬೇರೊಬ್ಬರಿಗಾಗಿ ಎಂದಾಗ ಮಾತ್ರ ಹೆಣ್ಣಿಗೆ ರಸ್ತೆ ಬಿಡುವ ಈ ರೂಢಿ ಹಳೆಯದೇ ಅಲ್ಲವೆ? ನನ್ನ ಗೆಳತಿ ಇಲ್ಲದ ಕಾಯಿಲೆಯನ್ನು ಹೇಳಿಕೊಂಡದ್ದಕ್ಕೂ ಈ ಘೋಷಣೆಗಳಿಗೂ ಹತ್ತಿರದ ನೆಂಟಸ್ತನವಿದೆ. ಗೆಳತಿಯೊಬ್ಬಳ ಬಗಲಿಗೆ ಕಾರಣವಿಲ್ಲದೆ ಓಡುವುದನ್ನು ನಾವು ಕಲಿತರೆ, ಕಾರಣ ಕೇಳುವವರ ಮುಂದೆ ಸುಳ್ಳು ಹೇಳುವುದು ತಪ್ಪೀತು.

ಊರಿಗೆ ಬಂದ ಮೇಲೆ ಅವಳು ಇನ್ನು ನನ್ನನ್ನು ಕರೆಯಲಿಕ್ಕಿಲ್ಲ ಎಂದುಕೊಂಡಿದ್ದೆ. ಮುಂದಿನ ವಾರವೇ ಫೋನು ಬಂತು. "ರವಿವಾರ ಬರ್ತೀಯಿಲ್ಲ? ಗಡಿಯಾರ ಮನ್ಯಾಗಿಟ್ಟು ಬಾ." ಹೋದೆ. ಅದೇ ರಸ್ತೆ, ಅದೇ ಕಲ್ಲುಗಳು. ಜೋಳ ಕೊಯ್ದು ಹೊಲ ಬರಿದಾಗಿತ್ತು. ಅವಳ ಎಡಕ್ಕೆ, ಅರ್ಧ ಹೆಜ್ಜೆಯೂ ಮುಂದಾಗದಂತೆ ಓಡುವುದಕ್ಕೆ ನಾನು ಎಷ್ಟು ಎಚ್ಚರದಿಂದ ಇರಬೇಕಾಯಿತೆಂದರೆ, ವೇಗವಾಗಿ ಓಡುವುದೇ ಸುಲಭವೆನಿಸಿತು. ಎರಡನೆಯ ಕಲ್ಲಿನ ಹತ್ತಿರ ತಲೆಯ ಮೇಲೆ ಬುತ್ತಿ ಹೊತ್ತು ಬರುತ್ತಿದ್ದ ಹೆಣ್ಣುಮಗಳೊಬ್ಬಳು ನಿಂತು ನಮ್ಮನ್ನೇ ನೋಡಿ, "ಯಾಕ್ರಿ ಟೀಚರ್ರ, ಏನಾತ್ರಿ?" ಎಂದಳು.

ನಾನು ಸಕ್ಕರೆಯ ಮಾತು ಬರುವುದೆಂದು ಕಾದೆ.

"ಏನೂ ಆಗಿಲ್ಲವಾ. ಸುಮ್ಮನ ಓಡಾಕತ್ತೀವಿ" ಎಂದಳು ನನ್ನ ಗೆಳತಿ. ವಾಕ್ಯ ಎಲ್ಲಿಯೂ ಮುರಿಯಲಿಲ್ಲ.